ಮಲಗಿದ ರಾಕೆಟ್, ನಿಂತ ರಾಕೆಟ್

ಅಮೆರಿಕದ ಕಾಮಿಕ್ಸ್‌ನ ಬಾಹ್ಯಾಕಾಶ ವೀರ ಫ್ಲ್ಯಾಶ್ ಗಾರ್ಡನ್ ನನಗೆ ಮೊದಲು ಸಿಕ್ಕಿದ್ದು ರಟ್ಟು ಹರಿದ ಹಳೇ ಇಂದ್ರಜಾಲ ಕಾಮಿಕ್ಸ್ ಒಂದರಲ್ಲಿ. ಕೆಂಪು ಬಣ್ಣ ಗೆರೆ ದಾಟಿ ಅವನ ಕಿವಿಯಾಚೆ ಬಿದ್ದಿತ್ತು. ಈಗ ಜಾಹೀರಾತಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವ ನಾನು, ಹೋದ ಮಳೆಗಾಲದಲ್ಲಿ ಅದೇ ನಾಯಕನನ್ನು ಮೂರು ಹಾಳೆಗಳಲ್ಲಿ ಬರೆದು ನೋಡೋಣ ಅಂತ ಕೂತೆ. ಒಂದು 1934ರವನು, ಒಂದು 1951ರವನು, ಇನ್ನೊಂದು ಈಗಿನವನು. ಮಾರಾಟಕ್ಕಲ್ಲ, ಕೈ ಪಳಗಲಿ ಅಂತ.

ಮೊದಲನೇ ಹಾಳೆ ಪೂರ್ತಿ ಕೆಟ್ಟಿತು. ರಾಕೆಟ್ಟಿನ ಮೈತುಂಬ ರಿವೆಟ್ ಹೊಡೆದು, ಹಿತ್ತಾಳೆ ಬಣ್ಣ ಬಳಿದು, ಹಲ್ಲುಚಕ್ರ ಜೋಡಿಸಿದ್ದೆ. ದೂರ ನಿಂತು ನೋಡಿದರೆ ವಿಕ್ಟೋರಿಯಾ ರಾಣಿ ಕಾಲದ ಹಬೆ ಯಂತ್ರ! 1934ರ ಅಮೆರಿಕದವರಿಗೆ ನಾಳೆ ಅಂದರೆ ನುಣುಪು. ಗಾಳಿ ಸೀಳುವ ಮೈಕಟ್ಟಿನ ಕ್ರೈಸ್ಲರ್ ಏರ್‌ಫ್ಲೋ ಕಾರು ಬಂದದ್ದು ಅದೇ ವರ್ಷ. ಆಕಾಶದಲ್ಲಿ ಜೆಪ್ಪೆಲಿನ್ ವಾಯುನೌಕೆ ತೇಲುತ್ತಿತ್ತು. ಚಿತ್ರಕಾರ ಅಲೆಕ್ಸ್ ರೇಮಂಡ್ ಆ ವರ್ಷ ಜನವರಿ 7ರ ಭಾನುವಾರದ ಪುಟದಲ್ಲಿ ಫ್ಲ್ಯಾಶ್‌ನ ಕಥೆ ಶುರುಮಾಡಿದಾಗ ಓದುಗರ ಕಣ್ಣಲ್ಲಿದ್ದದ್ದು ಇಂಥವೇ. ಅವನ ಲೋಕದ ನೌಕೆಗಳು ವಿಮಾನದ ಹಾಗೆ, ಜಲಾಂತರ್ಗಾಮಿಯ ಹಾಗೆ, ಅಡ್ಡಡ್ಡ ಮಲಗಿಕೊಂಡೇ ಹಾರುವುದು ಅದಕ್ಕೇ ಇರಬೇಕು.

1944ರಲ್ಲಿ ಜರ್ಮನರ ವಿ-2 ಕ್ಷಿಪಣಿ ಲಂಡನ್ನಿನ ಮೇಲೆ ಬಿತ್ತು. ಬಾಲದ ರೆಕ್ಕೆಗಳ ಮೇಲೆ ನೆಟ್ಟಗೆ ನಿಂತ ಆ ಆಕಾರ ಜಗತ್ತಿನ ಕಣ್ಣಲ್ಲಿ ಕೂತ ಮೇಲೆ ಕಾಮಿಕ್ಸ್ ರಾಕೆಟ್ಟುಗಳೂ ಎದ್ದು ನಿಂತವು. ಕಾಮಿಕ್ಸ್ ನಾಯಕ ಟಿನ್‌ಟಿನ್‌ನ ಕೆಂಪು-ಬಿಳಿ ಚೌಕುಳಿ ರಾಕೆಟ್ ಅದೇ ವಂಶದ್ದು. ಇಷ್ಟು ಹೊಳೆದದ್ದೇ ಮೊದಲ ಹಾಳೆ ಹರಿದು ಹಾಕಿ, ರಾಕೆಟ್ಟನ್ನು ಮಲಗಿಸಿ ಹೊಸದಾಗಿ ಬರೆದೆ.

ಒಳಗಿನ ಕೋಣೆಯಲ್ಲೂ ಎಡವಿದ್ದೆ. ಗೋಡೆಗೆ ಚೌಕದ ಟಿವಿ ಪರದೆ ಹಾಕಿದ್ದೆ. ಆಗಿನ ಪಿಕ್ಚರ್ ಟ್ಯೂಬಿನ ಮುಖ ದುಂಡಗೆ, ತಟ್ಟೆಯ ಹಾಗೆ. ದುಂಡಗೆ ಮಾಡಿ, ಗುಂಡಿಗಳ ಜಾಗಕ್ಕೆ ಹಿಡಿಕೆ-ಮುಳ್ಳುಗಳನ್ನು ತಂದದ್ದೇ ಕೋಣೆ ತಾನಾಗಿ ತೊಂಬತ್ತು ವರ್ಷ ಹಿಂದೆ ಸರಿಯಿತು. ಫ್ಲ್ಯಾಶ್‌ನ ಸೊಂಟದಲ್ಲಿ ಕಿರಣದ ಪಿಸ್ತೂಲು, ಕೈಯಲ್ಲಿ ಕತ್ತಿ, ಮೈಮೇಲೆ ದಸರಾ ಮೆರವಣಿಗೆಯಂಥ ದಿರಿಸು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ ಪೋಲೋ ಆಟಗಾರನಿಗೆ ಈ ವೇಷವೇಕೆ ಎಂದು ರೇಮಂಡ್ ತಲೆ ಕೆಡಿಸಿಕೊಳ್ಳಲಿಲ್ಲ, ನಾನೂ ಕೆಡಿಸಿಕೊಳ್ಳಲಿಲ್ಲ.

ರೇಮಂಡ್‌ನ ಒಣಕುಂಚದ ಗೆರೆ ಮಾತ್ರ ಟ್ಯಾಬ್ಲೆಟ್‌ನಲ್ಲಿ ಬರಲೇ ಇಲ್ಲ. ಕೊನೆಗೆ ಇಂಡಿಯನ್ ಇಂಕ್ ತಂದೆ. ನಮ್ಮ ಬೀದಿಯಲ್ಲಿ ನಲವತ್ತು ವರ್ಷ ಅಂಗಡಿ ಬೋರ್ಡು ಬರೆದ ಮೇಷ್ಟ್ರೊಬ್ಬರಿದ್ದಾರೆ. ನನ್ನ ನಡುಗುವ ಗೆರೆ ನೋಡಿ, “ಬೆರಳಲ್ಲಿ ಎಳೀಬೇಡಪ್ಪ, ಭುಜದಿಂದ ಎಳಿ. ಉಸಿರು ಬಿಟ್ಕೊಂಡೇ ಎಳಿ” ಅಂದರು. ಕುಂಚ ಅದ್ದಿ, ಮುಕ್ಕಾಲು ಶಾಯಿಯನ್ನು ಬಟ್ಟೆಗೆ ಒರೆಸಿ, ಕೂದಲು ಬಿಡಿಸಿಕೊಂಡು ಎಳೆದರೆ ಒಂದೇ ಎಳೆತಕ್ಕೆ ಹತ್ತು ಗೆರೆ. ಸ್ನಾಯು, ಗಡ್ಡ, ಹೊಗೆ ಎಲ್ಲ ಅದರಲ್ಲೇ. ಅರವತ್ತು ಹಾಳೆ ಹಾಳಾದ ಮೇಲೆ ಒಂದು ತೋಳು ಸರಿಬಂತು.

1951ರಲ್ಲಿ ಫ್ಲ್ಯಾಶ್‌ನ ದಿನಪತ್ರಿಕೆಯ ಚಿತ್ರಪಟ್ಟಿಯನ್ನು ಚಿತ್ರಕಾರ ಡ್ಯಾನ್ ಬ್ಯಾರಿ ಕೈಗೆತ್ತಿಕೊಂಡರು. ಆ ಹಾಳೆ ಬೇಗ ಮುಗಿಯಿತು. ಎಲ್ಲ ನಿಜದ ಹತ್ತಿರ, ಎಲ್ಲ ಅಚ್ಚುಕಟ್ಟು. ಬರೆಯಲು ಕಷ್ಟವಾಗಲಿಲ್ಲ, ಅಷ್ಟೇನೂ ಖುಷಿಯೂ ಆಗಲಿಲ್ಲ.

ಮೂರನೆಯದರಲ್ಲಿ ಈಗಿನ ರಾಕೆಟ್ ಹಾಕಿ ನೋಡಿದೆ, ಫ್ಲ್ಯಾಶ್ ಯಾವುದೋ ಕಂಪನಿಯ ನೌಕರನ ಹಾಗೆ ಕಂಡ. ಮತ್ತೆ ಮಲಗಿದ ರಾಕೆಟ್ಟನ್ನೇ ತಂದೆ. ರೇಮಂಡ್ ಅದನ್ನು ಬರೆದದ್ದು ಮುಂದೆ ನೋಡಿ, ನಾನು ಬರೆದದ್ದು ಹಿಂದೆ ನೋಡಿ. ಗೆರೆ ಒಂದೇ ಆದರೂ ನನ್ನದರಲ್ಲಿ ಒಂಥರಾ ಬೇಸರ ಸೇರಿಕೊಂಡಿದೆ, ಅಳಿಸಲು ಹೋಗಲಿಲ್ಲ.

ಆದರೆ ಕಥೆಯ ಖಳನಾಯಕ ಮಿಂಗ್? ಹಳದಿ ಚರ್ಮ, ಇಳಿಬಿದ್ದ ಮೀಸೆ. ಚೀನೀಯರ ಬಗ್ಗೆ ಅಂದಿನ ಅಮೆರಿಕಕ್ಕಿದ್ದ ಭಯವೇ ಮುಖವಾಗಿ ಕೂತಿದೆ. ಮುಂದೆ ಟಿವಿ ಕಾರ್ಟೂನಿನವರು ಅವನಿಗೆ ಹಸಿರು ಬಳಿದರು. ನಾನು ಮೀಸೆ ತೆಗೆದೆ, ಬಣ್ಣ ಬೂದು ಮಾಡಿದೆ, ಎತ್ತರದ ಕಾಲರ್ ಮಾತ್ರ ಉಳಿಸಿದೆ. ಈಗ ಅವನು ಯಾರೂ ಅಲ್ಲ, ಬರೀ ಬೋಳುತಲೆಯ ಒಬ್ಬ ಮುದುಕ. ಅವನ ಜಾಗ ಖಾಲಿ ಬಿಟ್ಟೇ ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ.