ಸಾಲಗಾಮೆ ರಸ್ತೆಯ ಎರಡು ಬಡಾವಣೆ: ಮನೆ ಆರಿಸುವಾಗ ನಾವು ನೋಡಿದ್ದೇನು

ಹಾಸನದಲ್ಲಿ ಸ್ವಂತ ಮನೆ ತಗೊಳ್ಳೋಣ ಅಂತ ಹುಡುಕಿ ಹುಡುಕಿ ಕೊನೆಗೆ ನಮ್ಮ ಕೈಯಲ್ಲಿ ಉಳಿದಿದ್ದು ಎರಡು ಮನೆ. ಎರಡೂ ಸಾಲಗಾಮೆ ರಸ್ತೆ ಕಡೆಯವೇ. ಒಂದು ವಿದ್ಯಾನಗರದಲ್ಲಿ, 30×40 ಸೈಟಿನ ಹಳೇ ಮನೆ, ಎರಡು ರೂಮು. ಇನ್ನೊಂದು ಅದೇ ರಸ್ತೆ ಹಿಡಿದು ಊರಾಚೆಗೆ ಹೋದರೆ ಸಿಗುವ ಹೊಸ ಖಾಸಗಿ ಬಡಾವಣೆಯಲ್ಲಿ. ಅದು 30×50 ಸೈಟಿನ ಡ್ಯೂಪ್ಲೆಕ್ಸ್, ಮೂರು ರೂಮು, ಕಾರು ನಿಲ್ಲಿಸಲು ಜಾಗ, ಮೇಲೆ ಒಳ್ಳೆ ಬಾಲ್ಕನಿ. ರೇಟು ಎರಡಕ್ಕೂ ಹೆಚ್ಚೂಕಮ್ಮಿ ಒಂದೇ, 60 ಲಕ್ಷದ ಆಸುಪಾಸು. ಸ್ಕೂಟರಿನಲ್ಲಿ ಇಲ್ಲಿಂದ ಅಲ್ಲಿಗೆ ಹತ್ತು ನಿಮಿಷವೂ ಬೇಡ.

ಹೊರಗಿನ ಬಡಾವಣೆಯ ಹೆಸರು ಬರೆಯಲ್ಲ. ಅಲ್ಲಿ ಸಾಲ ಸೋಲ ಮಾಡಿ ಮನೆ ಕಟ್ಟಿಕೊಂಡವರಿದ್ದಾರೆ, ಮುಂದೆ ಅದೂ ಒಳ್ಳೆ ಜಾಗ ಆಗುತ್ತೆ ಅಂತಲೇ ನನ್ನ ನಂಬಿಕೆ. ನಾನು ಬರೆಯುತ್ತಿರುವುದು ನಾವು ಯಾವ ಲೆಕ್ಕದಲ್ಲಿ ಆರಿಸಿದೆವು ಅನ್ನುವುದನ್ನು ಮಾತ್ರ.

ನಮ್ಮ ಮನೆಯಲ್ಲಿ ಐದು ಜನ. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ಅತ್ತೆ. ಇದರಲ್ಲಿ ಗಾಡಿ ಓಡಿಸುವವರು ನಾವಿಬ್ಬರೇ. ಉಳಿದ ಮೂವರಿಗೆ ಕಾಲೇ ಗತಿ. ಆದರೆ ಮನೆ ನೋಡಲು ಹೋಗುವುದು ಯಾವಾಗಲೂ ಗಾಡಿ ಓಡಿಸುವವರು, ಮೆಚ್ಚುವುದೂ ಅವರೇ, ಅಡ್ವಾನ್ಸ್ ಕೊಡುವುದೂ ಅವರೇ. ಅದಕ್ಕೇ ನಾವು ಮೊದಲೇ ಒಂದು ಮಾತು ಮಾಡಿಕೊಂಡೆವು. ಮನೆ ಎಷ್ಟೇ ಚೆನ್ನಾಗಿರಲಿ, ಗಾಡಿ ಇಲ್ಲದವರಿಗೆ ಆ ಜಾಗ ಹೇಗಿದೆ ಅಂತ ನೋಡಿಯೇ ತೀರ್ಮಾನ. ಅತ್ತೆಗೆ ಹಾಲು, ಹೂವು, ಸಂಜೆ ದೇವಸ್ಥಾನ, ಬಿಪಿ ಮಾತ್ರೆ. ಮಕ್ಕಳಿಗೆ ಟ್ಯೂಷನ್, ಆಟ, ಒಂದು ಪೆನ್ನು ತರಲು ಅಂಗಡಿ. ಇಷ್ಟಕ್ಕೂ ನಮ್ಮನ್ನೇ ಕಾಯಬೇಕು ಅಂದರೆ ಮನೆ ದೊಡ್ಡದಾಗಿ ಏನು ಬಂತು?

ಇದಕ್ಕೂ ಮೊದಲು ಕಾಗದ ಪತ್ರ. ನಮಗೆ ಇಷ್ಟವಾಗಿದ್ದ ಬೇರೆ ಕೆಲವು ಮನೆಗಳು ಇಲ್ಲೇ ಬಿದ್ದುಹೋದವು. ಹಾಸನದ ಸುತ್ತ ನಿನ್ನೆ ಮೊನ್ನೆಯವರೆಗೆ ಆಲೂಗೆಡ್ಡೆ ಹೊಲ ಆಗಿದ್ದ ಜಾಗವೆಲ್ಲ ಈಗ ಬಡಾವಣೆ. ಊರೂ ಬೆಳೆದು ಮಹಾನಗರ ಪಾಲಿಕೆ ಆಗಿದೆ. ಹಾಗಾಗಿ ಪಕ್ಕ ಪಕ್ಕದ ಬಡಾವಣೆಗಳಲ್ಲೇ ಒಂದರ ದಾಖಲೆ ಒಂದು ಥರ, ಇನ್ನೊಂದರದು ಇನ್ನೊಂದು ಥರ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಇದೆಯೋ, ಬರೀ 11ಬಿ ಇದೆಯೋ ನೋಡಬೇಕು. 11ಬಿ ಅಂದರೆ ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ಬಡಾವಣೆಗೆ ಒಪ್ಪಿಗೆ ಇದೆ ಅಂತ ಅರ್ಥ ಅಲ್ಲ. ಎಷ್ಟೋ ಬ್ಯಾಂಕುಗಳು ಅದಕ್ಕೆ ಸಾಲ ಕೊಡಲು ಹಿಂದೆ ಮುಂದೆ ನೋಡುತ್ತವೆ. ನಗರ ವ್ಯಾಪ್ತಿಯಲ್ಲಿ ಅದೇ ಪ್ರಶ್ನೆ ಎ ಖಾತೆಯೋ (ಒಪ್ಪಿಗೆ ಇರುವುದು) ಬಿ ಖಾತೆಯೋ (ಇಲ್ಲದ್ದು) ಅಂತ ಬರುತ್ತದೆ.

ಇನ್ನೊಂದು ವಿಷಯವನ್ನು ನಮ್ಮ ವಕೀಲರು ಮೊದಲ ದಿನವೇ ಕೇಳಿದರು. "ಮೂಲದಲ್ಲಿ ಈ ಜಮೀನು ಯಾರಿಗೆ ಮಂಜೂರಾಗಿತ್ತು, ಅದನ್ನ ಹೇಳಿ ಮೊದ್ಲು." ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ನಿಲ್ಲಲ್ಲ, ಅದು ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಆ ಜಮೀನು ಕಳಕೊಂಡ ಕುಟುಂಬಕ್ಕೆ ಅದು ನ್ಯಾಯವೇ. ಅದಕ್ಕೇ ಬರೀ ಇಸಿ (ಆಸ್ತಿ ಮೇಲಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರ) ನೋಡಿ ಸಮಾಧಾನ ಮಾಡಿಕೊಳ್ಳದೆ, ಸರ್ವೆ ನಂಬರಿನ ಹಳೇ ಪಹಣಿ, ಹೊಲವನ್ನು ಮನೆ ಕಟ್ಟುವ ಜಾಗವಾಗಿ ಬದಲಿಸಿದ ಭೂಪರಿವರ್ತನೆ ಆದೇಶ, ಮದರ್ ಡೀಡ್ (ಮೂಲ ಪತ್ರ) ಎಲ್ಲವನ್ನೂ ತೆಗೆಸಿದೆವು.

ಹೊರಗಿನ ಡ್ಯೂಪ್ಲೆಕ್ಸು ಇದೆಲ್ಲದರಲ್ಲೂ ಪಾಸಾಯಿತು. ಅಲಿನೇಷನ್ (ಭೂಪರಿವರ್ತನೆ) ಆಗಿತ್ತು, ಹುಡಾ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ನಕ್ಷೆಯೂ ಇತ್ತು. ಆದರೆ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ ಅಂದರೆ ಬಡಾವಣೆ ಮುಗಿದಿದೆ ಅಂತ ಅಲ್ಲ. ರಸ್ತೆ, ಚರಂಡಿ, ನೀರು, ದೀಪದ ಕೆಲಸ ಮುಗಿಸಿದ ಹಾಗೆ ಪ್ರಾಧಿಕಾರ ಸೈಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ನಿಮ್ಮ ಸೈಟು ಬಿಡುಗಡೆಯಾದ ಪಟ್ಟಿಯಲ್ಲಿದೆಯಾ, ರಸ್ತೆ ಪಾರ್ಕುಗಳನ್ನು ಹಸ್ತಾಂತರ ಮಾಡಿದ್ದಾರಾ ಅಂತ ಕೇಳಲೇಬೇಕು. ಅಲ್ಲಿ ಹಸ್ತಾಂತರ ಆಗಿರಲಿಲ್ಲ. ಅಂದರೆ ಬೀದಿ ದೀಪ ಕೆಟ್ಟರೆ ಪಾಲಿಕೆಗೆ ಹೇಳುವ ಹಾಗಿಲ್ಲ, ಲೇಔಟ್ ಮಾಡಿದವರ ಹಿಂದೆ ಓಡಾಡಬೇಕು.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆ ಮಾರುವವರನ್ನು ನೀರಿನ ಬಗ್ಗೆ ಕೇಳಿ ಪ್ರಯೋಜನ ಇಲ್ಲ. ಎಲ್ಲರೂ "ನೀರಿಗೇನೂ ತೊಂದ್ರೆ ಇಲ್ಲ" ಅಂತಲೇ ಹೇಳುವುದು. ನಾನು ಪಕ್ಕದ ಮನೆಯವರನ್ನು ಕೇಳಿದೆ. ಅದೂ ಬೇಸಿಗೆಯಲ್ಲಿ, ಏಪ್ರಿಲ್ ಕೊನೆಗೆ. ಹೊರಗಿನ ಬಡಾವಣೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಒಬ್ಬರನ್ನು "ಅಕ್ಕ, ಇಲ್ಲಿ ನೀರು ಹೆಂಗೆ?" ಅಂದೆ. ಅವರು ಬಾಯಲ್ಲಿ ಹೇಳಲಿಲ್ಲ, ಸಂಪಿನ ಮುಚ್ಚಳ ಎತ್ತಿ ತೋರಿಸಿದರು. ತಳದಲ್ಲಿ ಒಂದು ಗೇಣು ನೀರು. ಗೋಡೆಯ ಮೇಲೆ ಎಷ್ಟೆಷ್ಟು ಎತ್ತರಕ್ಕೆ ನೀರು ನಿಂತು ಇಳಿದಿದೆ ಅನ್ನುವುದಕ್ಕೆ ಬಿಳಿ ಬಿಳಿ ಗೆರೆ. "ಬೋರ್ ನೀರು ಕಣಮ್ಮ, ಫೆಬ್ರವರಿಯಿಂದಲೇ ಕಮ್ಮಿ ಆಯ್ತು. ಟ್ಯಾಂಕರ್‌ಗೆ ಫೋನ್ ಮಾಡಿದ್ರೆ ನಾಳೆ ಅಂತಾನೆ, ನಾಡಿದ್ದು ಬರ್ತಾನೆ." ಬಿಳಿ ಗೆರೆ ಅಂದರೆ ಗಡಸು ನೀರು. ಗೀಸರ್ ಕಾಯಿಲ್ಲು, ನಲ್ಲಿ, ವಾಷಿಂಗ್ ಮೆಷಿನ್ ಎಲ್ಲಕ್ಕೂ ಅದು ಶತ್ರು.

ವಿದ್ಯಾನಗರದಲ್ಲಿ ಹೇಮಾವತಿ ನೀರು ನಲ್ಲಿಗೆ ಬರುತ್ತದೆ. ದಿನಾ ಬರಲ್ಲ, ಆದರೆ ಬರುವ ದಿನ ಗೊತ್ತಿರುತ್ತದೆ. ಬೀದಿಯ ಹೆಂಗಸರಿಗೆಲ್ಲ ಆ ಲೆಕ್ಕ ಬಾಯಿಪಾಠ. ಸಂಪು ಸಾಕಷ್ಟು ದೊಡ್ಡದಿದ್ದರೆ ನಾಲ್ಕು ದಿನ ನೀರು ಬಿಡದಿದ್ದರೂ ಸಂಸಾರ ನಡೆಯುತ್ತದೆ. ಹಾಗಾಗಿ ಹಳೇ ಮನೆಯಲ್ಲಿ ನಾನು ಮೊದಲು ಅಳತೆ ಟೇಪು ಹಿಡಿದು ನೋಡಿದ್ದು ಹಾಲು, ರೂಮು ಅಲ್ಲ, ಸಂಪು.

ಚರಂಡಿಯದೂ ಹೀಗೇ. "ಯುಜಿಡಿ ಇದೆ" ಅಂತಾರೆ, ಅಂದರೆ ಒಳಚರಂಡಿ. ರಸ್ತೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳಗಳೂ ಕಾಣುತ್ತವೆ. ನಮ್ಮ ಮನೆಯವರು ಆ ಮುಚ್ಚಳಗಳ ಸಾಲನ್ನೇ ಹಿಡಿದು ನಡೆದುಕೊಂಡು ಹೋದರು. ಬಡಾವಣೆಯ ತಗ್ಗಿನ ತುದಿಯಲ್ಲಿ ಪೈಪು ಊರಿನ ಲೈನಿಗೆ ಸೇರಿಯೇ ಇಲ್ಲ, ನೇರ ಹಳ್ಳಕ್ಕೆ ಬಾಯಿ ಬಿಟ್ಟಿದೆ. ಹತ್ತಿಪ್ಪತ್ತು ಮನೆ ಇರುವ ತನಕ ಯಾರಿಗೂ ಗೊತ್ತಾಗಲ್ಲ. ಬಡಾವಣೆ ತುಂಬಿದ ಮೇಲೆ ಆ ಹಳ್ಳದ ಕೆಳಗಿನ ಗದ್ದೆಯವರು ಸುಮ್ನೆ ಇರ್ತಾರಾ? ಇರಲೂಬಾರದು.

ಮಳೆಗಾಲದಲ್ಲಿ ಒಂದು ಸಲ ನೋಡದೆ ಹಾಸನದಲ್ಲಿ ಮನೆ ತಗೊಳ್ಳಬೇಡಿ ಅಂತ ಯಾರಿಗಾದರೂ ಕೈ ಹಿಡಿದು ಹೇಳುತ್ತೇನೆ. ಪುನರ್ವಸು, ಪುಷ್ಯ ಮಳೆ ಜಡಿ ಹಿಡಿದಾಗ ಹೋಗಿ. ಹೊರಗಿನ ಬಡಾವಣೆಯ ಒಂದು ಭಾಗ ಮೊದಲು ಕೆರೆ ಕೆಳಗಿನ ಗದ್ದೆ. ಅಲ್ಲಿ ಖಾಲಿ ಸೈಟುಗಳಲ್ಲಿ ಕಪ್ಪೆ ಕೂಗುತ್ತಿತ್ತು. ಕಾಂಪೌಂಡ್ ಗೋಡೆಗಳ ಬುಡದಲ್ಲಿ ಒಂದು ಅಡಿ ಎತ್ತರಕ್ಕೆ ತೇವ ಏರಿ ಬಣ್ಣ ಎದ್ದಿತ್ತು. ನಾವು ನೋಡಿದ ಮನೆ ದಿಬ್ಬದ ಕಡೆ ಇತ್ತು, ಅದಕ್ಕೆ ಆ ತೊಂದರೆ ಇರಲಿಲ್ಲ. ಆದರೆ ಮನೆಗೆ ಹೋಗುವ ದಾರಿ ಆ ತಗ್ಗಿನಲ್ಲೇ. ಮಕ್ಕಳು ಸ್ಕೂಲ್ ವ್ಯಾನಿಗೆ ನಿಲ್ಲಬೇಕಾದ ಜಾಗವೂ ಅದೇ.

ಆಮೇಲೆ ಅತ್ತೆಯನ್ನು ಕರೆದುಕೊಂಡು ಹೋದೆವು, ಸಂಜೆ ಏಳು ಗಂಟೆಗೆ. ಬೇಕಂತಲೇ ಮನೆ ಮುಂದೆ ಗಾಡಿ ನಿಲ್ಲಿಸದೆ ಮುಖ್ಯ ರಸ್ತೆಯಲ್ಲಿ ಇಳಿದು ನಡೆದೆವು. ಹೊರಗಿನ ಬಡಾವಣೆಯಲ್ಲಿ ಮೂರು ಕಂಬಕ್ಕೆ ಒಂದು ದೀಪ ಉರಿಯುತ್ತಿತ್ತು. ಎರಡು ಮನೆ, ನಾಲ್ಕು ಖಾಲಿ ಸೈಟು, ಆಳೆತ್ತರ ಪಾರ್ಥೇನಿಯಂ, ಮತ್ತೆ ಒಂದು ಮನೆ. ನಾಯಿಗಳು ಬೇರೆ. ಅತ್ತೆ ನನ್ನ ಕೈ ಬಿಡಲಿಲ್ಲ. ಮನೆ ಒಳಗೆ ಹೋದ ಮೇಲೆ "ಮನೆ ಲಕ್ಷಣವಾಗಿದೆ" ಅಂದರು, ಮನಸಾರೆ ಹೇಳಿದರು. ಮೆಟ್ಟಿಲು ನೋಡಿ "ಮೇಲಕ್ಕೆ ನಾನು ಹತ್ತೋದಿಲ್ಲ ಬಿಡು" ಅಂದರು. ವಿದ್ಯಾನಗರದಲ್ಲಿ ಅದೇ ಹೊತ್ತಿಗೆ ಬೀದಿಯಲ್ಲಿ ಜನ ಇದ್ದರು. ವಾಕಿಂಗ್ ಹೋಗುವವರು, ಟ್ಯೂಷನ್ ಬಿಟ್ಟು ಬರುವ ಮಕ್ಕಳು, ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನ ಹುಡುಗರು. 1960ರಲ್ಲಿ ಶುರುವಾದ ಕಾಲೇಜು ಅದು, ಅದರ ಸುತ್ತ ಮೆಸ್ಸು, ಜೆರಾಕ್ಸ್ ಅಂಗಡಿ, ಬೇಕರಿ ಎಲ್ಲ ಬೆಳೆದಿವೆ. ಕಾಲೇಜು ಹತ್ತಿರ ಇದ್ದರೆ ಗದ್ದಲ ಅಂತ ಕೆಲವರು ಹೇಳುತ್ತಾರೆ. ಗದ್ದಲ ಇದೆ, ನಿಜ. ಆದರೆ ಒಂಬತ್ತು ಗಂಟೆಗೆ ಒಬ್ಬ ಹೆಣ್ಣುಮಗಳು ಬೀದಿಯಲ್ಲಿ ಧೈರ್ಯವಾಗಿ ನಡೆಯಬೇಕಾದರೆ ಅಲ್ಲಿ ತೆರೆದ ಅಂಗಡಿ ಇರಬೇಕು, ಜನ ಇರಬೇಕು. ನನಗೆ ಮಗಳಿದ್ದಾಳೆ, ಅವಳು ದೊಡ್ಡವಳಾಗುತ್ತಿದ್ದಾಳೆ.

ರಾತ್ರಿ ಹೊತ್ತು ಆಟೋದವರು ಬರುತ್ತಾರಾ ಅಂತಲೂ ವಿಚಾರಿಸಿದೆ. ವಿದ್ಯಾನಗರ ಅಂದರೆ ತಕ್ಷಣ ಹತ್ತಿಸಿಕೊಳ್ಳುತ್ತಾರೆ. ಆ ಬಡಾವಣೆ ಹೆಸರು ಹೇಳಿದರೆ "ವಾಪಸ್ ಖಾಲಿ ಬರ್ಬೇಕು ಮೇಡಂ" ಅಂತ ಡಬಲ್ ಕೇಳುತ್ತಾರೆ. ಅತ್ತೆಗೆ ಅರ್ಧರಾತ್ರಿ ಎದೆ ನೋವು ಬಂದು ಹಿಮ್ಸ್ ಆಸ್ಪತ್ರೆಗೆ ಓಡಬೇಕಾದರೆ, ನಮ್ಮ ಮನೆಯವರು ಊರಲ್ಲಿ ಇಲ್ಲದ ದಿನ, ಏನು ಮಾಡುವುದು?

ಇಷ್ಟಾದರೂ ಹೊರಗಿನ ಮನೆಯನ್ನು ಬಿಡಲು ಸಂಕಟ ಆಗಿದ್ದು ಸುಳ್ಳಲ್ಲ. ಗಾಳಿ ಬೆಳಕು ಅಂದರೆ ಹಾಗಿರಬೇಕು. ಮೂರನೇ ರೂಮು ನಮಗೆ ನಿಜವಾಗಲೂ ಬೇಕಿತ್ತು. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ ಬೆಂಗಳೂರು, ಮೈಸೂರಿನ ನೆಂಟರೆಲ್ಲ ನಮ್ಮ ಮನೆಗೇ ಬರುವುದು. ಬರಲಿ ಅಂತಲೇ ನಮ್ಮ ಆಸೆ ಕೂಡ. ಹೊರಗಡೆ ಬೆಲೆ ಬೇಗ ಏರುತ್ತೆ, ಹತ್ತು ವರ್ಷಕ್ಕೆ ಡಬಲ್ ಆಗುತ್ತೆ ಅಂತ ಬ್ರೋಕರ್ ಹೇಳಿದರು. ಏರಬಹುದು. ಆದರೆ ನಾವು ಮಾರಲು ತಗೊಳ್ಳುತ್ತಿರಲಿಲ್ಲ. ಮಕ್ಕಳು ಮನೆಯಲ್ಲಿರುವುದು ಇನ್ನು ಹೆಚ್ಚೆಂದರೆ ಹತ್ತು ವರ್ಷ. ಆ ಹತ್ತು ವರ್ಷ ಬಡಾವಣೆ ಬೆಳೆಯಲಿ ಅಂತ ಕಾಯುತ್ತಾ ಕಳೆಯುವುದು ನಮಗೆ ಬೇಡವಾಗಿತ್ತು. ಹಾಗಾಗಿ ವಿದ್ಯಾನಗರದ್ದೇ ಆಯಿತು. ಎರಡೇ ರೂಮು, ನೆಂಟರು ಬಂದಾಗ ಹಾಲಿನಲ್ಲಿ ಚಾಪೆ.

ಹಳೇ ಮನೆ ಅಂದರೆ ಅದನ್ನು ಪರೀಕ್ಷೆ ಮಾಡುವ ರೀತಿಯೇ ಬೇರೆ. ನಾವು ಪರಿಚಯದ ಮೇಸ್ತ್ರಿಯನ್ನೂ ಎಲೆಕ್ಟ್ರಿಷಿಯನ್‌ನನ್ನೂ ಕರೆದುಕೊಂಡು ಹೋದೆವು. ನಮ್ಮ ಕಡೆ ಮುಂಗಾರು ನೈಋತ್ಯದಿಂದ ಹೊಡೆಯುವುದರಿಂದ ಆ ಮೂಲೆಯ ಗೋಡೆ ಮೊದಲು ನೋಡಬೇಕು. ಮೇಸ್ತ್ರಿ ಅಲ್ಲಿದ್ದ ಬೀರು ಸರಿಸಿ ಅಂದರು. ಹಿಂದೆ ಗೋಡೆ ಪೂರ್ತಿ ಬೂಷ್ಟು. ತಾರಸಿಯಲ್ಲಿ ಎರಡು ಕಡೆ ನೀರು ಇಳಿಯುವ ಕಲೆ. ಪೈಪುಗಳು ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ), ಒಳಗೆ ತುಕ್ಕು. ಅರ್ಥಿಂಗ್ ಸರಿ ಇರಲಿಲ್ಲ. ಇಷ್ಟಕ್ಕೂ ಏನು ಖರ್ಚು ಬರುತ್ತೆ ಅಂತ ಚೀಟಿಯಲ್ಲಿ ಬರೆಸಿಕೊಂಡು, ಅದನ್ನೇ ಮುಂದಿಟ್ಟು ರೇಟು ಮಾತಾಡಿದೆವು. ಮನೆ ಯಜಮಾನರು ನಿವೃತ್ತ ಮೇಷ್ಟ್ರು. "ನೋಡಮ್ಮ, ನಾನು ಕಟ್ಟಿಸಿದ ಮನೆ, ಅದರ ದೋಷ ನಂಗೂ ಗೊತ್ತು" ಅಂತ ಮುಕ್ಕಾಲು ಪಾಲು ಒಪ್ಪಿಕೊಂಡರು. ಕೊನೆಗೆ ನಿಂತಿದ್ದು 58 ಲಕ್ಷಕ್ಕೆ.

ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಹೊರಗಿದ್ದಾರೆ. ಸೈಟು ಅವರ ಸ್ವಂತ ಸಂಪಾದನೆ, ಆದರೂ ವಕೀಲರು ವಂಶವೃಕ್ಷ ತರಿಸಿ, ಮಕ್ಕಳಿಬ್ಬರ ಒಪ್ಪಿಗೆ ಸಹಿಯೂ ಇರಲಿ ಅಂದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಇದು ಪಿತ್ರಾರ್ಜಿತ ಅಲ್ಲ ಅನ್ನುವುದೇ ಮುಂದೆ ಜಗಳದ ವಿಷಯ ಆಗಬಾರದಲ್ವಾ. ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಮಕ್ಕಳು ಬರುವ ತನಕ ನೋಂದಣಿ ಮುಂದಕ್ಕೆ ಹೋಯಿತು, ನಾವು ಕಾದೆವು.

ದುಡ್ಡಿನ ಲೆಕ್ಕ ಗೊತ್ತಿರಲಿ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬ್ಯಾಂಕು ಆಸ್ತಿ ಬೆಲೆಯ 80% ತನಕ ಮಾತ್ರ ಸಾಲ ಕೊಡಬಹುದು. ಅಂದರೆ 58 ಲಕ್ಷಕ್ಕೆ 46.4 ಲಕ್ಷ. ಉಳಿದ 11.6 ಲಕ್ಷ ಕೈಯಿಂದ. ಅದರ ಮೇಲೆ ಮುದ್ರಾಂಕ ಶುಲ್ಕ 5%, ಸೆಸ್ಸು ಸರ್‌ಚಾರ್ಜು ಸೇರಿ 5.6%. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%, ನಮಗೆ 4.4 ಲಕ್ಷ ದಾಟಿತು. ಇದನ್ನು ಬ್ಯಾಂಕು ಆಸ್ತಿ ಬೆಲೆಯಲ್ಲಿ ಸೇರಿಸಿಕೊಳ್ಳಲ್ಲ, ಪೂರ್ತಿ ನಮ್ಮದೇ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ (ಮಾರುವವರ ಲೆಕ್ಕದ ಆದಾಯ ತೆರಿಗೆ) ಮುರಿದು ನಾವೇ ಕಟ್ಟಬೇಕು. ಇದನ್ನು ಕರಾರು ಬರೆಯುವಾಗಲೇ ಮಾರುವವರಿಗೆ ಹೇಳಿಬಿಡಿ, ನೋಂದಣಿ ದಿನ ಹೇಳಿದರೆ ಮುಖ ಸಿಂಡರಿಸುತ್ತಾರೆ.

ನೋಂದಣಿ ಆದ ಮೇಲೆ ಖಾತೆ ನಮ್ಮ ಹೆಸರಿಗೆ ಬಂತಾ ಅಂತ ಬೆನ್ನು ಹತ್ತಬೇಕು. ಜೊತೆಗೆ ನಲ್ಲಿ ಕನೆಕ್ಷನ್ನು, ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಕರೆಂಟ್ ಮೀಟರು ಎರಡರ ಹೆಸರೂ ಬದಲಾಯಿಸಬೇಕು. ಹಳೇ ಬಾಕಿ ಏನೂ ಇಲ್ಲ ಅನ್ನುವ ರಸೀದಿಗಳನ್ನು ಮೇಷ್ಟ್ರಿಂದ ನೋಂದಣಿಗೆ ಮೊದಲೇ ಇಸ್ಕೊಂಡಿದ್ದೆವು. ತಾರಸಿಗೆ ವಾಟರ್‌ಪ್ರೂಫಿಂಗ್ ಆಗಿದೆ, ಪೈಪು ಪೂರ್ತಿ ಬದಲಾಗಿದೆ. ನೈಋತ್ಯದ ಗೋಡೆಯ ಗಾರೆ ಕೆತ್ತಿಸಿ ಒಣಗಲು ಬಿಟ್ಟಿದ್ದೇವೆ, ಒಂದು ಬೇಸಿಗೆ ಪೂರ್ತಿ ಒಣಗಿದ ಮೇಲೆಯೇ ಅದಕ್ಕೆ ಬಣ್ಣ.