ಕಣದಲ್ಲಿ ಮಲಗಿ ಉಲ್ಕೆ ನೋಡುವುದು ಹೇಗೆ

ನಮ್ಮ ಕಡೆ ಉಲ್ಕೆ ನೋಡಬೇಕು ಅಂದ್ರೆ ಡಿಸೆಂಬರ್‌ಗೆ ಕಾಯಬೇಕು. ಆಗಸ್ಟ್ 12ರ ಆಸುಪಾಸಿನ ಪರ್ಸೀಡ್ಸ್ ಉಲ್ಕಾಪಾತದ ಬಗ್ಗೆ ಎಲ್ಲರೂ ಬರೀತಾರೆ. ಆದರೆ ಆಗ ಚಿತ್ರದುರ್ಗದಲ್ಲಿ ಮಳೆ ಬರುತ್ತೋ ಇಲ್ವೋ, ಮೋಡವಂತೂ ತಲೆ ಮೇಲೆ ಕೂತಿರುತ್ತದೆ. ಡಿಸೆಂಬರ್ 13, 14ರ ಜೆಮಿನಿಡ್ಸ್ ಉಲ್ಕಾಪಾತ ನಮ್ಮದು. ಹಿಂಗಾರು ಮುಗಿಯುತ್ತಾ ಬಂದಿರುತ್ತದೆ, ಗಾಳಿ ಒಣಗಿರುತ್ತದೆ, ರಾಗಿ ಕೊಯ್ದು ಕಣಕ್ಕೆ ಬಂದಿರುತ್ತದೆ. ಆ ಕಣವೇ ನಿಮಗೆ ಬೇಕಾದ ಜಾಗ.

ಯಾಕೆ ಅಂದ್ರೆ, ಉಲ್ಕೆ ನೋಡೋಕೆ ದೂರದರ್ಶಕ ಬೇಡ, ಬೈನಾಕ್ಯುಲರೂ ಬೇಡ, ಅಂಗಾತ ಮಲಗಿದರೆ ಎಷ್ಟು ಆಕಾಶ ಕಾಣುತ್ತೋ ಅಷ್ಟೂ ಬೇಕು. ಕಣ ಸಮತಟ್ಟಾಗಿರುತ್ತದೆ, ಸುತ್ತ ಮರ ಕಡಿಮೆ, ನೆಲ ಸಾರಿಸಿರುವುದರಿಂದ ಹುಳಹುಪ್ಪಟೆ ಬಂದರೂ ಕಾಣುತ್ತದೆ. ಪರಿಚಯದವರ ಹೊಲವಾದರೆ ಒಳ್ಳೇದು. ಮೊದಲೇ ಹೇಳಿ ಹೋಗಿ, ಇಲ್ಲದಿದ್ದರೆ ನಾಯಿ ಬೊಗಳಿ ಊರೆಲ್ಲ ಎದ್ದು ಬರುತ್ತದೆ. ಪಂಪ್‌ಸೆಟ್ ಮನೆಯ ಬಲ್ಬ್ ಆ ಒಂದು ರಾತ್ರಿ ಆರಿಸಿರಿ ಅಂತ ಕೇಳಿಕೊಳ್ಳಿ. ಒಂದು ಬಲ್ಬ್ ಎಷ್ಟು ಕೆಡಿಸುತ್ತದೆ ಅನ್ನೋದು ಅದು ಆರಿದ ಮೇಲೆ ಗೊತ್ತಾಗುತ್ತದೆ. ಇನ್ನೊಂದು ಮಾತು, ಬಣವೆಗೆ ಒರಗಿ ಕೂರಬೇಡಿ. ಬಣವೆಯ ಬುಡದಲ್ಲಿ ಇಲಿ ಇರುತ್ತವೆ, ಇಲಿ ಹಿಂದೆ ಹಾವು ಬರುತ್ತದೆ. ಕಣದ ನಡುವೆ ಚಾಪೆ ಹಾಸಿ.

ದಾವಣಗೆರೆಯವರು ಭದ್ರಾ ನಾಲೆಯ ಗದ್ದೆ ಬಯಲಿಗಿಂತ ಜಗಳೂರು ಕಡೆ ಹೋಗೋದು ವಾಸಿ. ನೀರಿರುವ ಕಡೆ ಬೆಳಗಿನ ಜಾವ ಮಂಜು ಕವಿಯುತ್ತದೆ, ನಿಜವಾದ ಆಟ ನಡೆಯುವ ಹೊತ್ತೂ ಅದೇ. ಚಿತ್ರದುರ್ಗದವರಿಗೆ ಚಳ್ಳಕೆರೆ ಕಡೆಯ ಹೊಲಗಳು ಚೆನ್ನ. ಹೆದ್ದಾರಿಯ ಬೆಳಕು ಮತ್ತು ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಬೆನ್ನ ಹಿಂದೆ ಬರುವ ಹಾಗೆ ಜಾಗ ಹಿಡಿಯಿರಿ. ಜೋಗಿಮಟ್ಟಿ ಬೇಡ. ಅದು ಅರಣ್ಯ, ಕರಡಿ ಚಿರತೆ ಇರುವ ಜಾಗ.

ಮಿಥುನ ರಾಶಿ, ಅಂದರೆ ನಮ್ಮ ಪುನರ್ವಸು ನಕ್ಷತ್ರ ಇರುವ ರಾಶಿ, ರಾತ್ರಿ ಎಂಟರ ಹೊತ್ತಿಗೆ ಪೂರ್ವ-ಈಶಾನ್ಯದಲ್ಲಿ ಏಳುತ್ತದೆ. ಉಲ್ಕೆಗಳು ಅಲ್ಲಿಂದ ಚೆಲ್ಲಿದ ಹಾಗೆ ಕಾಣುತ್ತವೆ, ಹಾಗಂತ ಅದನ್ನೇ ದಿಟ್ಟಿಸಬೇಡಿ, ಉದ್ದ ಗೀಟು ಎಳೆಯುವವು ಅದರಿಂದ ದೂರದಲ್ಲೇ ಕಾಣೋದು. ಎರಡು ಗಂಟೆ ಸುಮಾರಿಗೆ ಮಿಥುನ ನೆತ್ತಿಯ ಹತ್ತಿರ ಬರುತ್ತದೆ, ಆಗ ಜಾಸ್ತಿ. ಪುಸ್ತಕದಲ್ಲಿ ಗಂಟೆಗೆ 120 ಅಂತ ಇರುತ್ತದೆ. ಅದು ಕಡುಗತ್ತಲು, ಮಿಥುನ ಸರಿಯಾಗಿ ನೆತ್ತಿಯಲ್ಲಿ, ಒಂದು ಚೂರೂ ಮೋಡ ಇಲ್ಲ ಅನ್ನುವ ಲೆಕ್ಕ. ಒಳ್ಳೆ ಹೊಲದಲ್ಲಿ ಅದರ ಅರ್ಧ ಸಿಕ್ಕರೂ ಖುಷಿಪಡಿ. ಹೆಚ್ಚಿನವು ಮರಳಿನ ಕಾಳಿನಷ್ಟು ಚೂರುಗಳು. 1983ರಲ್ಲಿ ಪತ್ತೆಯಾದ ಫೇಥಾನ್ ಅನ್ನೋ ಕ್ಷುದ್ರಗ್ರಹ ಬಿಟ್ಟುಹೋದ ಧೂಳು. ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ಬಂದು, ಸುಮಾರು 80ರಿಂದ 100 ಕಿಲೋಮೀಟರ್ ಎತ್ತರದಲ್ಲೇ ಉರಿದುಹೋಗುತ್ತವೆ.

2026ರಲ್ಲಿ ಅಮಾವಾಸ್ಯೆ ಡಿಸೆಂಬರ್ 9ರ ಸುಮಾರಿಗೆ. ಹಾಗಾಗಿ 13ರ ಚಂದ್ರ ಎಳೆಯವನು, ರಾತ್ರಿ ಹತ್ತರ ಆಸುಪಾಸಿಗೆ ಮುಳುಗುತ್ತಾನೆ. 2024ರಲ್ಲಿ ಹುಣ್ಣಿಮೆ ಪಕ್ಕದಲ್ಲೇ ಬಂದು ಬೆಳದಿಂಗಳಲ್ಲಿ ಎಲ್ಲ ತೊಳೆದುಹೋಗಿತ್ತು. ಈ ಸಲ ಬಿಡಬೇಡಿ.

ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ಸಲ ಮೊಬೈಲ್ ನೋಡಿದರೆ ಅಷ್ಟೂ ಹೋಯಿತು. ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಚಳಿಗೆ ಜರ್ಕಿನ್ ಸಾಲಲ್ಲ, ಮಲಗಿದವರಿಗೆ ನೆಲದಿಂದಲೇ ಥಂಡಿ ಏರುತ್ತದೆ. ಕೆಳಗೊಂದು ಮೇಲೊಂದು ಚಳ್ಳಕೆರೆ ಕಂಬಳಿ ಇದ್ದರೆ ಇಬ್ಬನಿ ಬಿದ್ದರೂ ಮೈಗೆ ತಾಗಲ್ಲ. ಫ್ಲಾಸ್ಕಲ್ಲಿ ಟೀ, ಒಂದು ಚೀಲ ಮಂಡಕ್ಕಿ. ಫೋಟೊ ಬೇಕೇ ಬೇಕು ಅನ್ನುವವರು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ 15 ಸೆಕೆಂಡಿನ ಹಾಗೆ ತಾನೇ ತೆಗೆಯುತ್ತಾ ಇರಲಿ ಅಂತ ಬಿಟ್ಟುಬಿಡಿ. ಬದಲಿಗೆ ಒಂದು ನೋಟ್‌ಬುಕ್ ಇಟ್ಟುಕೊಂಡು, ಕಂಡ ಪ್ರತಿಯೊಂದಕ್ಕೂ ನೋಡದೆಯೇ ಒಂದು ಗೀಟು ಎಳೆಯಿರಿ.

ಇನ್ನು ಮೋಡ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ಡಿಸೆಂಬರ್‌ನಲ್ಲೂ ಇಲ್ಲಿಯವರೆಗೆ ಮೋಡ ಬರುತ್ತದೆ. ಮೂರು ದಿನ ಮುಂಚಿನಿಂದ ಹವಾಮಾನ ಇಲಾಖೆಯ ಉಪಗ್ರಹ ಚಿತ್ರ ನೋಡುತ್ತಿರಿ, ಮೋಡ ಯಾವ ಕಡೆ ಸರಿಯುತ್ತಿದೆ ಅನ್ನೋದು ಅದರಲ್ಲೇ ತಿಳಿಯುತ್ತದೆ. 12ರ ರಾತ್ರಿ ಶುಭ್ರವಾಗಿದ್ದರೆ ಅಂದೇ ಹೋಗಿಬಿಡಿ, 14 ದಾಟಿದ ಮೇಲೆ ಉಲ್ಕೆಗಳ ಸಂಖ್ಯೆ ಬೇಗ ಇಳಿದುಹೋಗುತ್ತದೆ. ಮೋಡ ಬಂತು ಅಂತ ಹನ್ನೊಂದಕ್ಕೇ ಗಂಟುಮೂಟೆ ಕಟ್ಟಬೇಡಿ.

ಒಂದು ವರ್ಷ ಚಿಕ್ಕಪ್ಪನ ಕಣದಲ್ಲಿ ನಾವು ಹೀಗೇ ಮಲಗಿದ್ದೆವು. ಹತ್ತೂವರೆಗೆ ಪೂರ್ತಿ ಮುಚ್ಚಿಕೊಂಡಿತು. ಚಿಕ್ಕಪ್ಪ ಎದ್ದು ರಾಗಿ ಮೇಲೆ ತಾಡಪಾಲು ಎಳೆದು ನಾಲ್ಕೂ ಮೂಲೆಗೆ ಕಲ್ಲು ಹೇರಿದರು. ಒಂದು ಹನಿ ಬಿದ್ದರೆ ಅವರ ವರ್ಷದ ದುಡಿಮೆ ಕಪ್ಪಾಗುತ್ತದೆ. ನಾನು ಉಲ್ಕೆಗೆ ಬೇಡಿಕೊಳ್ಳುತ್ತಿದ್ದೆ, ಅವರು ರಾಗಿಗೆ, ಇಬ್ಬರಿಗೂ ಬೇಕಾಗಿದ್ದು ಅದೇ ಆಕಾಶ. ಎರಡು ಗಂಟೆಗೆ ಪಡುವಣ ಗಾಳಿ ಬೀಸಿ ಮೋಡ ಹರಿಯಿತು. ಹರಿದ ಕಿಂಡಿಯಲ್ಲಿ ಹಳದಿ ಬಣ್ಣದ್ದೊಂದು ನಿಧಾನಕ್ಕೆ, ನೆತ್ತಿಯಿಂದ ಹುಣಸೆ ಮರದ ತನಕ ಗೀಚಿಕೊಂಡು ಹೋಯಿತು. ‘ಚುಕ್ಕಿ ಬಿತ್ತು ನೋಡು’ ಅಂದರು ಚಿಕ್ಕಪ್ಪ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ‘ಹಂಗಾದ್ರೆ ನಾಳೆ ಒಕ್ಕಬೋದು ಬಿಡು’ ಅಂತ ಕಂಬಳಿ ಎಳೆದುಕೊಂಡು ಮಲಗಿದರು. ಐದು ಗಂಟೆಗೆ ಟಾರ್ಚ್ ಹಾಕಿ ನೋಡಿದರೆ ನನ್ನ ನೋಟ್‌ಬುಕ್ಕಿನಲ್ಲಿ 41 ಗೀಟು, ಅರ್ಧಕ್ಕರ್ಧ ಒಂದರ ಮೇಲೊಂದು.