ಭಾಷಣ ಬೇಡ, ಕೆಲಸ ತನ್ನಿ

ಗ್ರಾಫಿಕ್ ವಿನ್ಯಾಸದ ತರಬೇತಿಗೆ ಉದ್ಯಮದವರನ್ನು ಕರೆಯುವಾಗ ನಾನು ಮೊದಲೇ ಹೇಳಿಬಿಡುತ್ತೇನೆ: ಭಾಷಣ ಬೇಡ, ಗ್ರಾಹಕರು ತಿರಸ್ಕರಿಸಿದ ಕರಡುಗಳಿದ್ದರೆ ತನ್ನಿ, ಹೆಸರು ಅಳಿಸಿ ತಂದರೂ ಸರಿ. ಇಷ್ಟು ಕೇಳಿದೊಡನೆ ಹಲವರು ಹಿಂಜರಿಯುತ್ತಾರೆ. ಗೆದ್ದ ಕತೆ ಹೇಳುವುದು ಯಾರಿಗೆ ಬೇಡ? ಆದರೆ ಕಲಿಯುವವರಿಗೆ ಬೇಕಾದದ್ದು ಕರಡು ಏಕೆ ಬಿದ್ದುಹೋಯಿತು ಎಂಬ ವಿವರ.

ಯಾರನ್ನು ಕರೆಯಬೇಕು ಎಂಬುದರಲ್ಲೂ ನನಗೊಂದು ಪಕ್ಷಪಾತವಿದೆ. ಹೆಸರುವಾಸಿ ಕಲಾ ನಿರ್ದೇಶಕರಿಗಿಂತ ಮುದ್ರಣಾಲಯದಲ್ಲಿ ಪ್ರೀಪ್ರೆಸ್, ಅಂದರೆ ಅಚ್ಚಿಗೆ ಮುಂಚೆ ಕಡತ ಪರೀಕ್ಷಿಸಿ ಸಿದ್ಧಪಡಿಸುವ ಕೆಲಸ, ನೋಡಿಕೊಳ್ಳುವವರಿಂದ ತರಗತಿಗೆ ಹೆಚ್ಚು ದಕ್ಕುತ್ತದೆ. ಹಾಗೆ ಬಂದವರೊಬ್ಬರು ವಿದ್ಯಾರ್ಥಿನಿಯೊಬ್ಬಳ ಪೋಸ್ಟರ್ ಕಡತ ತೆರೆದರು. ಚಿತ್ರ ಸೊಗಸಾಗಿತ್ತು, ಅವರು ಅದರತ್ತ ನೋಡಲೇ ಇಲ್ಲ. ನೇರವಾಗಿ ಪುಟದ ಅಂಚನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರು. ಹಿನ್ನೆಲೆಯ ಬಣ್ಣ ಕತ್ತರಿಸುವ ಗೆರೆಗೇ ನಿಂತಿತ್ತು. ಬ್ಲೇಡು ಕೂದಲೆಳೆಯಷ್ಟು ಸರಿದರೂ ಅಲ್ಲಿ ಬಿಳಿಯ ಪಟ್ಟಿ ಉಳಿಯುತ್ತದೆ. ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ, ಬಿಡಬೇಕು ಎಂದರು. ಆಮೇಲೆ ಸಣ್ಣ ಅಕ್ಷರಗಳನ್ನು ಪರೀಕ್ಷಿಸಿದರು. ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಯಿಂದ ಮುದ್ರಣದ ನಾಲ್ಕು ಶಾಯಿಗಳ ಪದ್ಧತಿಯಾದ ಸಿಎಂವೈಕೆಗೆ ಬದಲಿಸಿದಾಗ ಕಪ್ಪು ನಾಲ್ಕು ಶಾಯಿಗಳಿಗೆ ಹಂಚಿಹೋಗಿತ್ತು. ಶಾಯಿಗೊಂದರಂತೆ ಇರುವ ನಾಲ್ಕು ಮುದ್ರಣ ಪ್ಲೇಟುಗಳಲ್ಲಿ ಒಂದು ತುಸು ಪಕ್ಕಕ್ಕೆ ಕೂತರೂ ಅಕ್ಷರಕ್ಕೆ ಬಣ್ಣದ ನೆರಳು ಅಂಟಿಕೊಳ್ಳುತ್ತದೆ. ಅದಕ್ಕೇ ಸಣ್ಣ ಅಕ್ಷರಕ್ಕೆ ಕಪ್ಪು ಶಾಯಿಯೊಂದೇ ಸಾಕು. "ಹಾಗಾದರೆ ದೊಡ್ಡ ಕಪ್ಪು ಹಿನ್ನೆಲೆಗೆ, ಸರ್?" ಎಂದು ಅವಳು ಕೇಳಿದಳು. ಅಲ್ಲಿ ಕಪ್ಪೊಂದನ್ನೇ ಬಳಿದರೆ ಬೂದುಬೂದಾಗಿ ಕಾಣುತ್ತದೆ, ಬೇರೆ ಶಾಯಿಗಳನ್ನೂ ಸೇರಿಸಬೇಕು ಎಂದರು. ಇವೆಲ್ಲ ನನ್ನ ಪಾಠದಲ್ಲೂ ಇದ್ದವು. ಆದರೆ ಆ ಪ್ರಶ್ನೆ ನನ್ನ ಪಾಠದಲ್ಲಿ ಯಾರಿಗೂ ಹುಟ್ಟಿರಲಿಲ್ಲ. ಈಗ ತಪ್ಪಿದ್ದದ್ದು ಅವಳದೇ ಪೋಸ್ಟರಿನಲ್ಲಿ.

ಇಂಥವರ ಜತೆ ಒಂದು ತೊಡಕಿದೆ. ಕೈ ಪಳಗಿದವರು ತಾವೇನು ಮಾಡುತ್ತಿದ್ದೇವೆ ಎಂದು ಹೇಳುವುದನ್ನೇ ಮರೆಯುತ್ತಾರೆ. ನಾಲ್ಕು ಕ್ಲಿಕ್‌ಗಳಲ್ಲಿ ಎಲ್ಲ ಸರಿಪಡಿಸಿ "ಇಷ್ಟೇ" ಎನ್ನುತ್ತಾರೆ. ಹಾಗಾಗಿ ಅತಿಥಿ ಬಂದ ದಿನ ನಾನು ತರಗತಿ ಬಿಟ್ಟು ಕದಲುವುದಿಲ್ಲ. ಪಕ್ಕದಲ್ಲೇ ಕೂತು ತಡೆಯುತ್ತಿರುತ್ತೇನೆ: "ಈಗ ಏನು ಕಂಡಿತು? ಅದನ್ನೇ ಮೊದಲು ಏಕೆ ನೋಡಿದಿರಿ?" ಕೆಲವರಿಗೆ ಕಿರಿಕಿರಿಯಾಗುತ್ತದೆ, ಆಗಲಿ.

ಸಂಭಾವನೆಯ ವಿಷಯ. ತರಗತಿಯ ಅವಧಿಗಷ್ಟೇ ಅಲ್ಲ, ಕರಡುಗಳನ್ನು ಹುಡುಕಿ ಸಿದ್ಧಪಡಿಸುವ ಸಮಯಕ್ಕೂ ಹಣ ಕೊಡಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಶಾಲು, ಹಾರದಲ್ಲಿ ಮುಗಿಸಿದರೆ ಅವರು ಎರಡನೆಯ ಸಲ ಬರುವುದಿಲ್ಲ. ನನಗೆ ಬೇಕಿರುವುದೇ ಆ ಎರಡನೆಯ ಸಲ: ತಾವು ಗುರುತಿಸಿದ ತಪ್ಪುಗಳನ್ನು ತಿದ್ದಿದ ಕಡತಗಳನ್ನು ಅವರೇ ಮತ್ತೆ ನೋಡಬೇಕು.

ಅಂಕ ಮಾತ್ರ ಅವರ ಕೈಗೆ ಕೊಡುವುದಿಲ್ಲ. ವಿದ್ಯಾರ್ಥಿಗಳು ಎಲ್ಲಿಂದ ಎಲ್ಲಿಗೆ ಬಂದಿದ್ದಾರೆ ಎಂಬುದನ್ನು ಅಳೆಯಬೇಕಾದವನು ನಾನು. ಅತಿಥಿಗಳು ಕಡತದ ಮೇಲೆ ಮುದ್ರಣಕ್ಕೆ ಹೋಗಬಹುದೇ, ಇಲ್ಲವೇ ಎಂದಷ್ಟೇ ಬರೆಯುತ್ತಾರೆ. ಇಲ್ಲವೆಂದರೆ ಕಾರಣವನ್ನೂ ಒಂದು ಸಾಲಿನಲ್ಲಿ ಕೊಡಬೇಕು.